ಫಾನಿಯಸನ ಕಣ್ಣಳತೆ

ಬಡಗಿ ಫಾನಿಯಸನಿಗೆ ಅಳತೆಕೋಲು ಬೇಕಿರಲಿಲ್ಲ. ಮಂಚದ ನಾಲ್ಕು ಕಾಲುಗಳನ್ನು ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಎಡಗಣ್ಣು ಮುಚ್ಚಿ ನೋಡಿದರೆ ಸಾಕು. ‘ಈ ಕಾಲು ಅರ್ಧ ಬೆರಳು ಉದ್ದ’ ಅಂದನೋ, ಅದು ಅರ್ಧ ಬೆರಳೇ ಉದ್ದ. ಆಥೆನ್ಸಿನ ಮೆಲೀಟೆ ಕೇರಿಯವರು ದಾರ ಹಿಡಿದು ಪರೀಕ್ಷೆ ಮಾಡಿ ಮಾಡಿ ಸಾಕಾಗಿ ಬಿಟ್ಟುಬಿಟ್ಟಿದ್ದರು. ಅಂಥ ಕಣ್ಣಿದ್ದವನು ಬದುಕಿನಲ್ಲಿ ಒಮ್ಮೆ, ಒಂದೇ ಒಂದು ಸಲ, ಊರಿಗೇ ಅಳತೆ ಹೇಳುವ ಜಾಗದಲ್ಲಿ ನಿಂತು ಮಾಡಿಕೊಂಡ ಕೆಲಸ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಕೇರಿಯ ಕೊನೆಯಲ್ಲಿ ಕಲ್ಲಿನ ನೀರುಕಟ್ಟೆಯೊಂದಿತ್ತು. ಮೂರು ಸಿಂಹದ ಮುಖ, ಮೂರರ ಬಾಯಿಂದಲೂ ನೀರು. ಎರಡು ವರ್ಷದ ಹಿಂದೆ ಗುಡ್ಡದ ಕೆಳಗೆಲ್ಲೋ ಮಣ್ಣಿನ ಕೊಳವೆ ಒಡೆದು, ಸಿಂಹಗಳ ಬಾಯಿ ಒಣಗಿ, ನಡುವಿನದರಲ್ಲಿ ಗುಬ್ಬಿ ಗೂಡು ಕಟ್ಟಿತು. ಅಂದಿನಿಂದ ಕೇರಿಯ ಹೆಂಗಸರು ಸಂತೆ ಬಯಲಿನ ಆಚೆಯ ಕಟ್ಟೆಗೆ ಹೋಗಬೇಕು. ಹೋಗುವಾಗ ಇಳಿಜಾರು, ತುಂಬಿದ ಕೊಡ ಹೊತ್ತು ಬರುವಾಗ ನುಣ್ಣಗೆ ಸವೆದ ಮೆಟ್ಟಿಲುಗಳ ಏರು. ಕಳೆದ ಚಳಿಗಾಲದಲ್ಲಿ ಫಾನಿಯಸನ ಹೆಂಡತಿ ಫಿಲಿನ್ನ ಆ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಕೊಡವೂ ಹೋಯಿತು, ಆರು ತಿಂಗಳ ಬಸಿರೂ ಹೋಯಿತು.

ಈಗ ಅವಳು ಮತ್ತೆ ಬಸುರಿ, ಐದು ತಿಂಗಳು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, “ಭಾರ ಹೊತ್ರೆ ಇದೂ ನಿಲ್ಲಲ್ಲ ಕಣಮ್ಮ, ಆಮೇಲೆ ನನ್ನ ಬೈಬೇಡ” ಅಂದು ಹೋಗಿದ್ದಳು. ಆಳು ಇಟ್ಟುಕೊಳ್ಳುವ ಮನೆ ಅದಲ್ಲ. ಅಕ್ಕಪಕ್ಕದವರು ಆಗೊಂದು ಈಗೊಂದು ಕೊಡ ತಂದುಕೊಡುತ್ತಿದ್ದರು, ಅವರಿಗೂ ಅವರದೇ ಗೋಳು. ಇನ್ನು ಫಾನಿಯಸನೇ ತರಬಹುದಿತ್ತಲ್ಲ ಅಂದರೆ, ಗಂಡಸು ಕೊಡ ಹೊರುವುದುಂಟೇ? ಆಥೆನ್ಸಿನಲ್ಲಿ ಗಂಡಸು ಯುದ್ಧದ ಹಡಗಿಗೆ ಹುಟ್ಟು ಹಾಕಬಹುದು, ಹೆಣ ಹೊರಬಹುದು, ಕುಡಿದು ಬಿದ್ದ ಗೆಳೆಯನನ್ನೂ ಹೊರಬಹುದು. ನೀರಿನ ಕೊಡ ಹೊತ್ತರೆ ಮಾತ್ರ ಸಾಯುವ ತನಕ ಅಡ್ಡಹೆಸರು ಅಂಟಿಕೊಳ್ಳುತ್ತದೆ. ಅವನಿಗೆ ಅದು ಹೊಳೆಯಲೇ ಇಲ್ಲ, ಅವಳು ಕೇಳಲೂ ಇಲ್ಲ.

ಇದರ ಮೇಲೆ ಅವನ ತಾಯಿ ತಿಮರೇಟೆ. ಎಂಬತ್ತು ದಾಟಿದ ಮುದುಕಿ. ಬೆಳಗಾದರೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಕೊಡ ಹೊತ್ತು ಏದುಸಿರು ಬಿಡುತ್ತ ಬರುವ ಹೆಂಗಸರನ್ನು ನೋಡಿ ಶುರು ಮಾಡುತ್ತಿದ್ದಳು.

“ನಾನು ಹುಡುಗಿಯಾಗಿದ್ದಾಗ ಈ ಊರಿಗೆ ಒಬ್ಬ ಒಡೆಯ ಇದ್ದ. ಒಬ್ಬನೇ! ನೀರು ಬೇಕು ಅಂದ್ರು ಜನ. ಕೊಳವೆ ಹಾಕ್ಸಿದ, ಸಿಂಹ ಕೂರ್ಸಿದ, ನೀರು ಬಂತು. ಈಗ ಐನೂರು ಜನ ಒಡೆಯರು. ಗುಬ್ಬಿ ಓಡ್ಸೋಕೂ ಒಬ್ಬನಿಗೆ ಕೈಲಾಗಲ್ಲ.”

“ಅಮ್ಮಾ, ಬಾಯಿ ಮುಚ್ಕೋ. ಯಾರಾದ್ರೂ ಕೇಳಿಸ್ಕೊಂಡ್ರೆ ನಿರಂಕುಶನ ಮನೆಯೋರು ಅಂತಾರೆ.”

“ಅನ್ಲಿ ಬಿಡು. ಅಂದೋರು ನೀರು ತಂದ್ಕೊಡ್ತಾರಾ?”

ಆ ಊರಲ್ಲಿ ‘ನಿರಂಕುಶ’ ಅನ್ನುವ ಮಾತಿಗೆ ಇದ್ದ ಹೆದರಿಕೆ ಹಾವಿಗೂ ಇರಲಿಲ್ಲ. ಕೊನೆಯ ನಿರಂಕುಶ ದೊರೆಯನ್ನು ಓಡಿಸಿ ತಲೆಮಾರು ಎರಡಾಗಿತ್ತು. ಆದರೂ ಒಬ್ಬ ನಾಲ್ಕು ಕಾಸಿನ ಒಳ್ಳೆಯ ಮೀನು ಕೊಂಡರೆ ಪಕ್ಕದವನು ‘ಏನಪ್ಪಾ, ದೊರೆಯಾಗೋ ಅಂದಾಜಾ?’ ಅನ್ನುತ್ತಿದ್ದ. ಫಾನಿಯಸ್ ತಾಯಿಯ ಬಾಯಿಗೆ ಹೆದರಿ ಹೆದರಿ ಅರ್ಧ ಸತ್ತಿದ್ದ.

ಐನೂರು ಅಂದಳಲ್ಲ ಮುದುಕಿ, ಆ ವರ್ಷದ ಐನೂರರಲ್ಲಿ ಅವಳ ಮಗನೂ ಒಬ್ಬ. ಅವರೆಕಾಳು ಹಾಕಿ ಚೀಟಿ ಎತ್ತಿದಾಗ ಅವನ ಹೆಸರಿಗೆ ಬಿಳಿ ಕಾಳು ಬಂದು, ಊರಿನ ಮಂಡಳಿಗೆ ಸೇರಿದ್ದ. ಸೇರಿದ ದಿನವೇ ಹೆಂಡತಿಗೆ ಮಾತು ಕೊಟ್ಟ: “ನೋಡ್ತಿರು, ಈ ವರ್ಷ ನೀರು ಬಿಡಿಸ್ತೀನಿ.” ಬಿಡಿಸಿದ ಪಾಡು ಕೇಳಬೇಕು! ಮಂಡಳಿಯಲ್ಲಿ ಬಾಯಿ ತೆರೆದಾಗೆಲ್ಲ ಅದಕ್ಕಿಂತ ದೊಡ್ಡದೊಂದು ಬಂದು ಕೂರುತ್ತಿತ್ತು. ಒಂದು ದಿನ ದ್ವೀಪದವರ ರಾಯಭಾರ. ಒಂದು ದಿನ ಹಬ್ಬದ ಮೆರವಣಿಗೆಯಲ್ಲಿ ಯಾರ ಮಗಳು ಬುಟ್ಟಿ ಹೊರಬೇಕು ಅನ್ನುವ ಜಗಳ, ಅದು ನಾಲ್ಕು ದಿನ ನಡೆಯಿತು. ಒಂದು ದಿನ ಯಾರಿಗೋ ಕೃತಜ್ಞತೆ ಹೇಳಿ ಕಲ್ಲು ಕೆತ್ತಿಸಬೇಕು, ಕಲ್ಲು ಎಷ್ಟು ಎತ್ತರ ಅಂತ. “ನಿನ್ನ ಕೊಳವೆ ತಾನೇ ಫಾನಿಯಸ್? ನಾಳೆ ನೋಡೋಣ” ಅನ್ನುತ್ತಿದ್ದರು. ಒಂಬತ್ತು ತಿಂಗಳು ‘ನಾಳೆ’ ಕೇಳಿ ಕೇಳಿ ಅವನ ತಲೆ ಚಿಟ್ಟು ಹಿಡಿಯಿತು. ಒಬ್ಬರಾದರೂ ‘ಬೇಡ’ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು, ಎಲ್ಲರೂ ಒಳ್ಳೆಯವರೇ.

ಕೊನೆಗೆ, ಐನೂರನ್ನು ಹಂಚಿದ ಹತ್ತು ಬಣಗಳಲ್ಲಿ ಅವನ ಬಣದ ಐವತ್ತು ಜನರಿಗೆ ಮಂಡಳಿ ನಡೆಸುವ ಸರದಿ ಬಂತು. ಫಾನಿಯಸ್ ಅವರ ಕಾಲು ಕೈ ಹಿಡಿದು, ಇಬ್ಬರಿಗೆ ಪುಕ್ಕಟೆ ಮಣೆ ಮಾಡಿಕೊಟ್ಟು, ಊರಿನ ಗಂಡಸರೆಲ್ಲ ಸೇರಿ ತೀರ್ಮಾನಿಸುವ ಮುಂದಿನ ಜನಸಭೆಯ ಪಟ್ಟಿಯಲ್ಲಿ ಕೊಳವೆಯನ್ನು ಸೇರಿಸಿದ. ಕಟ್ಟಕಡೆಗೆ, ಆರನೆಯದು. ಬಿಳಿ ಹಲಗೆಯ ಮೇಲೆ ಬರೆದು ಸಂತೆ ಬಯಲಲ್ಲಿ ನೇತುಹಾಕಿದರು. ಅದನ್ನು ದಿನಕ್ಕೆರಡು ಸಲ ಹೋಗಿ ಓದಿ ಬರುತ್ತಿದ್ದ.

ಸಭೆಯ ಹಿಂದಿನ ಸಂಜೆ ಇನ್ನೊಂದು ಆಯಿತು. ಐವತ್ತು ಜನರಲ್ಲಿ ದಿನಕ್ಕೊಬ್ಬ ಯಜಮಾನ, ಅದೂ ಚೀಟಿ ಎತ್ತಿಯೇ. ಸೂರ್ಯ ಮುಳುಗಿದಾಗಿಂದ ಮರುದಿನ ಮುಳುಗುವ ತನಕ ಊರಿನ ಮುದ್ರೆ, ಭಂಡಾರದ ಬೀಗದ ಕೈ, ಎಲ್ಲ ಅವನ ಕೊರಳಲ್ಲಿ. ಜನಸಭೆಯಿದ್ದರೆ ಅದನ್ನು ನಡೆಸುವವನೂ ಅವನೇ. ಒಬ್ಬನಿಗೆ ಜೀವಮಾನದಲ್ಲಿ ಒಂದೇ ಸಲ, ಎರಡನೆಯ ಸಲ ಇಲ್ಲವೇ ಇಲ್ಲ. ಅವತ್ತಿನ ಚೀಟಿಯಲ್ಲಿ ಬಂದ ಹೆಸರು ಫಾನಿಯಸ್.

ಬೀಗದ ಕೈಗಳ ಗೊಂಚಲು ಎದೆಗೆ ಬಡಿದಾಗ ಅವನಿಗೆ ಮೊದಲು ಬಂದದ್ದು ನಗು. ನಾಳೆಯೇ ಕೊಳವೆ, ನಾಳೆಯೇ ನಾನು! ಕೇರಿಯ ಉಣ್ಣೆ ತೊಳೆಯುವ ಡೆಕ್ಸಿಯಸನಿಗೆ ಹೇಳಿಕಳಿಸಿದ, “ನಮ್ಮೋರನ್ನೆಲ್ಲ ಕರ್ಕೊಂಡು ಬಾ, ಒಬ್ಬನೂ ಮನೇಲಿ ಉಳೀಬಾರ್ದು.” ಡೆಕ್ಸಿಯಸ್ ಅವನಿಗಿಂತ ಕೆರಳಿದ್ದ, ನೀರಿಲ್ಲದೆ ಅವನ ಕಸುಬೇ ಮಲಗಿತ್ತು. ಬಾಲ್ಯದಿಂದ ಜೊತೆಗಿದ್ದವರು ಬೇರೆ.

ಬೆಳಗ್ಗೆ ಐವತ್ತು ಜನ ಸಾಲಾಗಿ ಸಭೆಯ ಗುಡ್ಡಕ್ಕೆ ಹೊರಟರು. ದಾರಿ ಮೆಲೀಟೆ ಕೇರಿಯ ಮೇಲೆಯೇ. ಫಾನಿಯಸ್ ಎಲ್ಲರಿಗಿಂತ ಮುಂದೆ, ತಲೆಗೆ ಹೂಬಳ್ಳಿ ಸುತ್ತಿಕೊಂಡು. ಅವನ ಮನೆ ಮುಂದೆ ಬಂದರು. ಬಾಗಿಲ ಸಂದಿಯಲ್ಲಿ ಫಿಲಿನ್ನ ನಿಂತಿದ್ದಳು, ಅವನನ್ನೇ ನೋಡಿದಳು. ಅಷ್ಟರಲ್ಲಿ ಮುದುಕಿ ಮಣೆಯಿಂದ ಎದ್ದು ಕೋಲು ಎತ್ತಿದಳು.

“ಲೋ ಫಾನಿಯಸ್! ಇವತ್ತು ನೀನೇ ಒಡೆಯ ಕಣೋ! ಆವತ್ತಿನ ಒಡೆಯ ಬಿಟ್ಟ ಹಾಗೆ ನೀರು ಬಿಡೋ!”

ಐವತ್ತೂ ಜನ ಘೊಳ್ಳೆಂದು ನಕ್ಕರು. ದಾರಿಯ ಬದಿಯಲ್ಲಿ ಸಭೆಗೆ ಹೋಗುತ್ತಿದ್ದವರೂ ನಕ್ಕರು. ಅವರಲ್ಲಿ ಲೈಕಿಸ್ಕಸ್ ಅನ್ನುವವನೊಬ್ಬ ಮಾತ್ರ ನಗದೆ, ಮುದುಕಿಯನ್ನೊಮ್ಮೆ, ಫಾನಿಯಸನನ್ನೊಮ್ಮೆ ನೋಡಿದ. ಗುಡ್ಡದ ಕೆಳಗೆ ತೋಟವಿದ್ದ ಹಣವಂತ. ಎರಡು ವರ್ಷದಿಂದ ಅವನ ತೋಟದ ಒಂದು ಮೂಲೆ ಬೇಸಿಗೆಯಲ್ಲೂ ಹಸುರಾಗಿರುತ್ತಿತ್ತು. ಯಾಕೆ ಅಂತ ಕೇರಿಗೆಲ್ಲ ಗೊತ್ತಿತ್ತು. ತೋರಿಸಿ ಹೇಳಲು ಸಾಕ್ಷಿ ಇರಲಿಲ್ಲ.

ಜಾಗ ಶುದ್ಧಿಯಾಗಲಿ ಅಂತ ಹಂದಿಮರಿ ಬಲಿ ಕೊಟ್ಟು ಸುತ್ತು ಹಾಕಿದರು, ಸಭೆಗೆ ಮೋಸ ಮಾಡುವವರಿಗೆ ಸಾರುವವನು ಶಾಪ ಓದಿದ, ಸಭೆ ಶುರುವಾಯಿತು. ಒಂದನೆಯ ವಿಷಯ ದ್ವೀಪದ್ದು. ಎರಡನೆಯದೂ ದ್ವೀಪದ್ದೇ. ಮೂರನೆಯದರಲ್ಲಿ, ಆಚೆಯ ದೊಡ್ಡ ಗುಡ್ಡದ ಮೇಲೆ ಕಟ್ಟುತ್ತಿದ್ದ ಗುಡಿಗೆ ಕಲ್ಲು ಎಳೆದು ಎಳೆದು ಮುದಿಯಾದ ಹೇಸರಗತ್ತೆಗಳನ್ನು ಸುಮ್ಮನೆ ಮೇಯಲು ಬಿಡಬೇಕೋ ಬೇಡವೋ ಅನ್ನುವುದರ ಮೇಲೆ ಏಳು ಜನ ಮಾತಾಡಿದರು. ಏಳೂ ಜನ ಬಿಡಬೇಕು ಅಂತಲೇ ಮಾತಾಡಿದರು! ಫಾನಿಯಸ್ ಬೀಗದ ಕೈ ಹಿಸುಕುತ್ತ ಕೂತ. ಅವನು ಊರಿನ ಯಜಮಾನ, ಆದರೆ ಒಬ್ಬನ ಬಾಯಿ ಮುಚ್ಚಿಸುವ ಅಧಿಕಾರವೂ ಯಜಮಾನನಿಗಿಲ್ಲ. ಬಿಸಿಲು ನೆತ್ತಿಗೆ ಬಂತು. ಜನ ಒಬ್ಬೊಬ್ಬರೇ ಎದ್ದು ಬಟ್ಟೆ ಕೊಡವಿಕೊಂಡು ಊಟಕ್ಕೆ ಹೋಗತೊಡಗಿದರು. ಕೇರಿಯವರೂ ಕೆಲವರು ಹೋದರು. ಡೆಕ್ಸಿಯಸ್ ಅವರ ಅಂಗಿ ಹಿಡಿದೆಳೆದು ಕೂರಿಸುತ್ತಿದ್ದ.

ಅಂತೂ ಆರನೆಯದು ಬಂತು. ಸಾರುವವನು “ಯಾರಿಗೆ ಮಾತಾಡಬೇಕು?” ಅಂದ. ಡೆಕ್ಸಿಯಸ್ ಎದ್ದು ಹೇಳಬೇಕಾದ್ದನ್ನು ನಾಲ್ಕೇ ಮಾತಲ್ಲಿ ಹೇಳಿದ: ಕೊಳವೆ ಒಡೆದಿದೆ, ಹೆಂಗಸರು ಸಾಯ್ತಿದಾರೆ, ಅಗೆದು ಹೊಸದು ಹಾಕ್ಬೇಕು, ಅಗೆಯೋಕೆ ನಾವೇ ಬರ್ತೀವಿ. ಜನ ಹೌದು ಹೌದು ಅಂದರು. ಆಗ ಲೈಕಿಸ್ಕಸ್ ಎದ್ದ.

“ಅಣ್ಣಂದಿರೇ, ನೀರು ಯಾರಿಗೆ ಬೇಡ? ನನಗೂ ಬಾಯಾರಿಕೆ ಆಗುತ್ತೆ. ಒಂದೇ ಒಂದು ಮಾತು ಕೇಳ್ತೀನಿ. ಆ ಕೊಳವೆ ಹಾಕ್ಸಿದ್ದು ಯಾರು? ಆ ಸಿಂಹಗಳನ್ನ ಕೂರ್ಸಿದ್ದು ಯಾರು? ಹೆಸರು ಹೇಳೋಕೂ ನನಗೆ ನಾಚಿಕೆ. ನಮ್ಮ ತಾತಂದಿರು ರಕ್ತ ಸುರಿಸಿ ಓಡಿಸಿದವನ ಕಟ್ಟೆಯನ್ನ ನಾವು ಎತ್ತಿ ನಿಲ್ಲಿಸ್ಬೇಕಾ? ಬೇಕಾದ್ರೆ ಮುಂದೆ ಯಾವತ್ತಾದ್ರೂ ಜನರ ಕಟ್ಟೆ ಅಂತ ಹೊಸದು ಕಟ್ಟೋಣ. ಇಲ್ಲಿ ಕೆಲವರ ಮನೇಲಿ ಆ ಹಳೇ ಒಡೆಯನ್ನ ನೆನೆಸ್ಕೊಂಡು ಅಳೋರು ಇನ್ನೂ ಇದಾರೆ. ಬೆಳಗ್ಗೆ ನಾನೇ ಈ ಕಿವಿಯಾರೆ ಕೇಳ್ದೆ.”

“ನಿನ್ನ ತೋಟದ ಹಸುರಿನ ವಿಷ್ಯ ಹೇಳೋ!” ಡೆಕ್ಸಿಯಸ್ ಕೂಗಿದ. “ಕಳ್ಳನ ಮನಸ್ಸು ಹುಳ್ಳುಳ್ಳಗೆ!”

ನಗು, ಗಲಾಟೆ. ಫಾನಿಯಸನ ಕಿವಿ ಬಿಸಿಯಾಯಿತು. ಎಲ್ಲರ ಕಣ್ಣೂ ತನ್ನ ಮೇಲಿದ್ದ ಹಾಗೆ ಅವನಿಗೆ ಕಂಡಿತು, ಇದ್ದದ್ದೂ ನಿಜ.

“ಬೇಕು ಅನ್ನೋರು ಕೈ ಎತ್ತಿ,” ಸಾರುವವನು ಕೂಗಿದ.

ಆ ಸಭೆಯಲ್ಲಿ ಕೈಗಳನ್ನು ಒಂದೊಂದಾಗಿ ಎಣಿಸುವ ರೂಢಿ ಇಲ್ಲ. ಸಾವಿರಾರು ಕೈ ಯಾರು ಎಣಿಸುತ್ತಾರೆ? ದಿನದ ಯಜಮಾನ ನೋಡುತ್ತಾನೆ, ಯಾವ ಕಡೆ ಹೆಚ್ಚು ಅಂತ ಹೇಳುತ್ತಾನೆ, ಅದೇ ತೀರ್ಪು. ಯಾರಿಗಾದರೂ ಅನುಮಾನವಿದ್ದರೆ ಎದ್ದು ಪ್ರಮಾಣ ಮಾಡಬೇಕು, ಆಗ ಮತ್ತೊಮ್ಮೆ ಕೈ ಎತ್ತಿಸುತ್ತಾರೆ. ಫಾನಿಯಸ್ ಒಂದು ಹೆಜ್ಜೆ ಹಿಂದೆ ಸರಿದು ಎಡಗಣ್ಣು ಮುಚ್ಚಿದ. ಕೈಗಳ ಕಾಡನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದ.

“ಬೇಡ ಅನ್ನೋರು ಕೈ ಎತ್ತಿ.”

ಮತ್ತೆ ನೋಡಿದ. ಹತ್ತಿರ ಹತ್ತಿರ, ಆದರೆ ಸಮ ಅಲ್ಲ. ಬೇಕು ಅಂದವರೇ ಹೆಚ್ಚು. ಮಂಚದ ಕಾಲಿನ ಲೆಕ್ಕದಲ್ಲಿ ಹೇಳುವುದಾದರೆ ಅರ್ಧ ಬೆರಳು.

“ನಿಧಾನವಾಗಿ ನೋಡಿ ಯಜಮಾನ್ರೇ,” ಲೈಕಿಸ್ಕಸ್ ಕೂತಲ್ಲಿಂದಲೇ ಅಂದ. “ಅವಸರ ಏನಿಲ್ಲ. ತಾಯಿಯವರು ಹೇಗೂ ಅಪ್ಪಣೆ ಕೊಟ್ಟಿದಾರಲ್ಲ.”

ಗುಡ್ಡವೆಲ್ಲ ನಕ್ಕಿತು. ಫಾನಿಯಸ್ ಕೊರಳಿನ ಮುದ್ರೆ ಮುಟ್ಟಿಕೊಂಡ. ಕಂಡದ್ದು ಹೇಳಿದರೆ ಏನಂತಾರೆ? ‘ಮುದ್ರೆ ಕೊರಳಿಗೆ ಬಿದ್ದ ದಿನವೇ ತನ್ನ ಕೇರಿಗೆ ನೀರು ಬಿಡಿಸಿಕೊಂಡ, ನಿರಂಕುಶನ ಮನೆಯ ಮರಿ’ ಅಂತಾರೆ. ಅಷ್ಟೇ ಅಲ್ಲ, ಅವನ ಒಳಗೇ ಒಂದು ಹುಳ ಕೊರೆಯಿತು. ಬೇಕು ಅಂತ ಆಸೆ ಇರುವವನ ಕಣ್ಣಿಗೆ ಬೇಕಾದ್ದೇ ಕಾಣುತ್ತೆ ಅಲ್ಲವೇ? ಅರ್ಧ ಬೆರಳು ಹೆಚ್ಚು ಕಂಡದ್ದು ಕಣ್ಣಿನಿಂದಲೋ, ಹೆಂಡತಿಯ ಹೊಟ್ಟೆಯಿಂದಲೋ? ನನ್ನ ಆಸೆಯ ಭಾರ ತೆಗೆದರೆ ಅವರೇ ಹೆಚ್ಚಿರಬೇಕು. ನ್ಯಾಯ ಅಂದರೆ ನನ್ನ ಕಡೆಗೆ ತೂಗದಿರುವುದು ತಾನೇ? ಹೀಗೆ ಲೆಕ್ಕ ಹಾಕಿ, ನಲವತ್ತೈದು ವರ್ಷ ತಪ್ಪದ ಕಣ್ಣನ್ನು ಆ ಮನುಷ್ಯ ಸುಳ್ಳು ಮಾಡಿದ.

“ಬೇಡ ಅಂದವರೇ ಹೆಚ್ಚು,” ಎಂದ.

ಫಾನಿಯಸ್ ಡೆಕ್ಸಿಯಸನ ಕಡೆ ನೋಡಿದ. ಏಳೋ, ಪ್ರಮಾಣ ಮಾಡೋ, ಅನುಮಾನ ಅನ್ನೋ, ಇನ್ನೊಂದು ಸಲ ಎತ್ತಿಸ್ತೀನಿ ಅಂತ ಮನಸ್ಸಿನಲ್ಲೇ ಕಿರುಚಿದ. ಡೆಕ್ಸಿಯಸ್ ಬಾಯಿ ತೆರೆದ, ಮುಚ್ಚಿದ, ಪಕ್ಕದವನ ಮುಖ ನೋಡಿದ, ನೆಲ ನೋಡಿದ. ಯಾರೂ ಏಳಲಿಲ್ಲ. ಸಾರುವವನು ಸಭೆ ಮುಗಿಯಿತು ಅಂದ.

ಇಳಿಯುವಾಗ ಡೆಕ್ಸಿಯಸ್ ಸಿಕ್ಕ.

“ಎದ್ದು ನಿಲ್ಲೋಣ ಅಂತಲೇ ಇದ್ದೆ ಮಾರಾಯ,” ಅಂದ. “ನನ್ನ ಕಣ್ಣಿಗೆ ನಮ್ಮೋರೇ ಜಾಸ್ತಿ ಕಂಡ್ರು. ಕೇರಿಯೋರಿಗೆಲ್ಲ ಹಂಗೇ ಕಂಡಿತ್ತಂತೆ. ಆದ್ರೆ ನೋಡಿದ್ದು ನೀನಲ್ವಾ? ಫಾನಿಯಸನ ಕಣ್ಣು ತಪ್ಪುತ್ತಾ, ಅದೂ ಅವನ ಮನೆ ನೀರಿನ ವಿಷ್ಯದಲ್ಲಿ ತಪ್ಪುತ್ತಾ ಅಂತ ಎಲ್ಲ ಸುಮ್ನೆ ಕೂತ್ವಿ.”

ಸಾಲದ್ದಕ್ಕೆ ಲೈಕಿಸ್ಕಸ್ ಬಂದು ಎಲ್ಲರೆದುರು ಫಾನಿಯಸನ ಕೈ ಕುಲುಕಿ, “ನೀವು ನಿಜವಾದ ಜನರ ಮನುಷ್ಯ” ಅಂದು ಹೋದ. ಆ ಕೈಯನ್ನು ಅವನು ದಾರಿಯುದ್ದಕ್ಕೂ ಅಂಗಿಗೆ ಒರೆಸಿಕೊಂಡ. ಸಂಜೆ ಸೂರ್ಯ ಮುಳುಗುತ್ತಲೇ ಮುದ್ರೆ, ಬೀಗದ ಕೈ ಇನ್ನೊಬ್ಬನ ಕೊರಳಿಗೆ ಹೋದವು. ಒಮ್ಮೆ ಬಿದ್ದುಹೋದ ವಿಷಯವನ್ನು ಈ ವರ್ಷ ಮತ್ತೆ ಹಲಗೆಗೆ ಹತ್ತಿಸುವವರು ಯಾರೂ ಇರಲಿಲ್ಲ.

ಮನೆಯಲ್ಲಿ ಸುದ್ದಿ ಆಗಲೇ ಬಂದಿತ್ತು. ಫಿಲಿನ್ನ ಒಲೆಯ ಮುಂದೆ ಕೂತು ಜವೆಯ ಹಿಟ್ಟು ನಾದುತ್ತಿದ್ದಳು. ನೀರು ಸಾಲದೆ ಹಿಟ್ಟು ಬಿರಿಯುತ್ತಿತ್ತು.

“ಒಂದು ಕೇಳ್ತೀನಿ, ನಿಜ ಹೇಳಿ,” ಅಂದಳು. “ನಿಮ್ಮ ಕಣ್ಣಿಗೆ ಯಾವ ಕಡೆ ಹೆಚ್ಚು ಕಂಡ್ರು?”

ಸುಳ್ಳು ಹೇಳಬಹುದಿತ್ತು. ಅವತ್ತಿನ ಪಾಲಿನ ಸುಳ್ಳು ಆಗಲೇ ಖರ್ಚಾಗಿತ್ತು.

“ನಮ್ಮ ಕಡೆ. ಅರ್ಧ ಬೆರಳು.”

ಅವಳ ಕೈ ಹಿಟ್ಟಿನಲ್ಲೇ ನಿಂತಿತು.

“ಮತ್ತೆ?”

“ನಿರಂಕುಶ ಅಂತಿದ್ರು ಕಣೇ.”

“ಅಂದಿದ್ರೆ?” ಅವಳ ದನಿ ಏರಿತು. “ಅಂದಿದ್ರೆ ಏನ್ರೀ ಆಗ್ತಿತ್ತು? ನಿಮ್ಮ ಮೂಳೆ ಮುರೀತಿತ್ತಾ? ನಿಮ್ಮ ಹೊಟ್ಟೇಲಿದ್ದದ್ದು ಬೀಳ್ತಿತ್ತಾ? ಆ ಮೆಟ್ಟಿಲ ಮೇಲೆ ನಾನು ಬಿದ್ದಾಗ ಯಾರೂ ನನ್ನ ಏನೂ ಅನ್ನಲಿಲ್ಲ. ಒಂದು ಮಾತೂ ಅನ್ನಲಿಲ್ಲ. ನಾನು ಬಿದ್ದೆ ಅಷ್ಟೇ! ನಿಮಗೆ ಒಂದು ಮಾತು ಹೊರೋಕಾಗ್ಲಿಲ್ಲ, ನಾನು ಕೊಡ ಹೊರಬೇಕು.”

ಅವನು ತಾಯಿಯ ಕಡೆ ತಿರುಗಿದ. ಯಾರ ಮೇಲಾದರೂ ಹಾಯಬೇಕಿತ್ತು.

“ಎಲ್ಲಾ ನಿನ್ನಿಂದ! ಬೆಳಗ್ಗೆ ಆ ಒಡೆಯನ ಹೆಸರೆತ್ತಿ ಕೂಗ್ದೆಯಲ್ಲ!”

“ಆ ಒಡೆಯ ಪರಮ ನೀಚ ಕಣೋ,” ಮುದುಕಿ ಅಂದಳು. ಅವಳ ದನಿಯಲ್ಲಿ ದಿನದ ಕುಚೋದ್ಯ ಇರಲಿಲ್ಲ. “ನಮ್ಮಪ್ಪನ್ನ ಊರು ಬಿಡಿಸಿದ. ನಮ್ಮಪ್ಪ ತಿರುಗಿ ಬರ್ಲೇ ಇಲ್ಲ. ನಾನು ಅವನನ್ನ ಹೊಗಳ್ತಿದ್ದೆ ಅಂದ್ಕೊಂಡ್ಯಾ? ಅಂಥೋನೇ ನೀರು ಕೊಟ್ಟ, ನೀವು ಇಷ್ಟು ಜನ ಒಳ್ಳೆಯೋರು ಸೇರ್ಕೊಂಡು ಕೊಡೋಕಾಗಲ್ವಾ ಅಂತ ನಾಚಿಕೆ ಬರ್ಲಿ ಅಂತ ಕೂಗ್ತಿದ್ದೆ. ನಾಚಿಕೆ ಬರೋದು ಬಿಟ್ಟು ನಿನಗೆ ಹೆದರಿಕೆ ಬಂತು.”

ಒಣ ರೊಟ್ಟಿ, ಆಲಿವ್ ಕಾಯಿ ತಿಂದು ಮಲಗಿದರು.

ಬೆಳಗಾಗುತ್ತಲೇ ಫಿಲಿನ್ನ ಎದ್ದು ಕೊಡ ತೆಗೆದಳು. ತಲೆಗೆ ಸಿಂಬಿ ಇಟ್ಟುಕೊಳ್ಳುವಾಗ ಸೊಂಟ ಹಿಡಿದು ಒಂದು ಗಳಿಗೆ ಗೋಡೆಗೆ ಒರಗಿದಳು. ಫಾನಿಯಸ್ ಎಡಗಣ್ಣು ಮುಚ್ಚಲಿಲ್ಲ, ಹಿಂದೆ ಸರಿಯಲಿಲ್ಲ. ಹೋಗಿ ಅವಳ ಕೈಯಿಂದ ಕೊಡ ಕಿತ್ತುಕೊಂಡ. ಅವಳು ಬೇಡ ಅನ್ನಲಿಲ್ಲ. ‘ಜನ ಏನಂತಾರೆ’ ಅಂತಲೂ ಅನ್ನಲಿಲ್ಲ. ಸಿಂಬಿಯನ್ನೂ ತೆಗೆದು ಅವನ ಕೈಯಲ್ಲಿಟ್ಟಳು.

ಸಂತೆ ಬಯಲು ದಾಟುವ ತನಕ ಮೀನಿನವರು ಕೂಗಿದರು, ಕ್ಷೌರದವರು ಕೂಗಿದರು. “ಯಜಮಾನ್ರೇ, ಊರಿನ ಬೀಗದ ಕೈ ಕೊಡದೊಳಗೆ ಇಟ್ಟಿದೀರಾ?” ಅಂದ ಒಬ್ಬ. “ಫಾನಿಯಮ್ಮ!” ಅಂದ ಇನ್ನೊಬ್ಬ. ಅಡ್ಡಹೆಸರು ಅಂಟಿತು, ಅಲ್ಲಿಗೆ ಅದು ಮುಗಿಯಿತು. ಇಷ್ಟೇನಾ ಅನ್ನಿಸಿತು ಅವನಿಗೆ. ಇಷ್ಟಕ್ಕೆ ಹೆದರಿದೆನಾ ಅಂತ ತನ್ನನ್ನೇ ಬೈದುಕೊಂಡ. ಎರಡು ವರ್ಷದಿಂದ ಮನೆಯಲ್ಲಿ ಒಂದಲ್ಲ ಒಂದು ಕೊಡ ಇದ್ದೇ ಇತ್ತು.

ಕಟ್ಟೆಯ ಮುಂದೆ ಹೆಂಗಸರ ಸಾಲು. ಕೊಡಗಳನ್ನು ನೆಲದ ಮೇಲೆ ಒಂದರ ಹಿಂದೆ ಒಂದು ಇಟ್ಟಿದ್ದರು. ಗಂಡಸನ್ನು ನೋಡಿ ಮೊದಲು ಸುಮ್ಮನಾದರು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕರು. ಅವನು ಕೊನೆಯಲ್ಲಿ ಕೊಡ ಇಟ್ಟು ನಿಂತ. ಅಭ್ಯಾಸಬಲ, ಎಡಗಣ್ಣು ಮುಚ್ಚಿ ಸಾಲು ನೋಡಿದ. ಮುಂದೆ ಮೂವತ್ತೊಂದು ಕೊಡ. ಬಿಸಿಲೇರುವ ತನಕ ಕಾಯಬೇಕು.

ಅಷ್ಟರಲ್ಲಿ ದೊಡ್ಡ ಮನೆಯ ಕೆಲಸದವಳೊಬ್ಬಳು ಬಂದು, ಯಾರೂ ನೋಡದ ಹಾಗೆ ತನ್ನ ಕೊಡವನ್ನು ನಡುವೆ ತೂರಿಸಿದಳು.

“ಏಯ್!” ಫಾನಿಯಸ್ ಗುಡುಗಿದ. ಇಡೀ ಸಾಲು ತಿರುಗಿತು. “ಮೂವತ್ತೊಂದಿತ್ತು, ಈಗ ಮೂವತ್ತೆರಡಾಗಿದೆ! ತೆಗಿ ಆ ಕೊಡ! ನಾನು ಕಣ್ಣಾರೆ ನೋಡಿದೀನಿ, ನನ್ನ ಕಣ್ಣು ತಪ್ಪಲ್ಲ!”

ಕೆಲಸದವಳು ಹೆದರಿ ಕೊಡ ಎತ್ತಿಕೊಂಡು ಹಿಂದೆ ಹೋದಳು. ಅವನ ಮುಂದೆಯೇ ಡೆಕ್ಸಿಯಸನ ಹೆಂಡತಿ ನಿಂತಿದ್ದಳು. ಒಡೆದ ಅಂಗೈಗಳನ್ನು ಸೊಂಟಕ್ಕಿಟ್ಟುಕೊಂಡು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

“ನಿನ್ನೆ ಎಲ್ಲಿ ಹೋಗಿತ್ತಣ್ಣಾ ಈ ಬಾಯಿ?” ಅಂದಳು.

ಫಾನಿಯಸ್ ತಲೆ ತಗ್ಗಿಸಿದ. ಸಾಲು ಒಂದು ಕೊಡದಷ್ಟು ಮುಂದೆ ಸರಿಯಿತು, ಅವನೂ ತನ್ನ ಕೊಡವನ್ನು ಎತ್ತಿ ಮುಂದಿಟ್ಟ.